ಡಿಸ್ಕಿಗೆ ಜತೆ ಕೂತ ಆರು ದಿನ

ನಾನು ಪಕ್ಕದಲ್ಲೇ ಕೂತಿರುವಾಗ, ನನ್ನ ಕಣ್ಣೆದುರಿಗೆ, ತಿರುಗುವ ವಸ್ತುವೊಂದು ತಾನಾಗಿ ನಿಂತದ್ದು ಅದೇ ಮೊದಲು. ಮೂವತ್ತೊಂದು ವರ್ಷ ಹಿಟ್ಟಿನ ಗಿರಣಿ ನಡೆಸಿದವಳು ನಾನು, ಮಹಾನಂದಾ. ಕರೆಂಟು ಹೋದಾಗ ಕಲ್ಲು ನಿಂತಿದೆ, ಬೆಲ್ಟು ಹರಿದಾಗ ನಿಂತಿದೆ, ಅದು ಬೇರೆ ಮಾತು. ಜತೆ ಸಾಲದೆ ನಿಂತಿತು ಎಂದು ನನ್ನ ಗಿರಣಿಯ ಬಗ್ಗೆ ಈ ಊರಲ್ಲಿ ಯಾರೂ ಆಡಿಕೊಂಡಿಲ್ಲ. ಅಂಥವಳ ಮುಂದೆ, ಅಂಗೈಯಗಲದ ಡಬ್ಬಿಯೊಳಗಿನ ಒಂದು ತಟ್ಟೆ ಟಕ್, ಟಕ್, ಟಕ್ ಎಂದು ಮೂರು ಸಲ ಸದ್ದು ಮಾಡಿ ನಿಂತುಬಿಟ್ಟಿತು. ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು.

ನಮ್ಮೂರಲ್ಲಿ ತಿರುಗುವುದೆಲ್ಲ ಜತೆ ಇದ್ದರೆ ಮಾತ್ರ ತಿರುಗುತ್ತದೆ. ಎಚ್ಚರವಿರುವ ಒಬ್ಬ ಮನುಷ್ಯ ಆ ಕೋಣೆಯಲ್ಲಿರಬೇಕು. ಎದ್ದು ಹೊರಗೆ ಹೋದರೆ ಫ್ಯಾನು ನಾಲ್ಕು ಸುತ್ತು ಹಾಕಿ ಸುಮ್ಮನಾಗುತ್ತದೆ, ಒಳಗೆ ಬಂದರೆ ಮತ್ತೆ ಹೊರಡುತ್ತದೆ. ಬೇಸಿಗೆಯ ಮಧ್ಯಾಹ್ನದ ನಿದ್ದೆಗೆ ಮನೆಮನೆಯಲ್ಲೂ ಪಾಳಿ. ಒಬ್ಬರು ಎದ್ದು ಕೂತರೆ ಉಳಿದವರಿಗೆ ಗಾಳಿ. ಗಡಿಯಾರವನ್ನು ಯಾರೂ ನಂಬುವುದಿಲ್ಲ, ಹೊರಗಿನಿಂದ ಬರುವ ಬಸ್ಸಿನ ಕಂಡಕ್ಟರನನ್ನು ವೇಳೆ ಕೇಳುತ್ತಾರೆ. ಕರೆಂಟಿನ ಮೀಟರ್ ಇರುವ ಗೋಡೆಯ ಹತ್ತಿರ ಮಾತ್ರ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಕಾರಣ ಹೇಳಬೇಕಾಗಿಲ್ಲ. ಹೆಣ್ಣು ನೋಡಲು ಬಂದವರು 'ಹಾಡು ಬರತೈತೇನು, ಅಡಿಗಿ ಬರತೈತೇನು' ಎಂದು ಕೇಳುವ ಮೊದಲು 'ಕುಂತು ರೂಢಿ ಐತೇನು' ಎಂದು ಕೇಳುತ್ತಾರೆ. ನನ್ನನ್ನು ಈ ಮನೆಗೆ ತಂದದ್ದೇ ನಾನು ಬೆಳಗಿನಿಂದ ಸಂಜೆಯವರೆಗೆ ಅಲುಗದೆ ಕೂರಬಲ್ಲೆ ಎಂದು.

ಕಂಪ್ಯೂಟರು ನನ್ನದಲ್ಲ, ನನ್ನ ನೆಗೆಣ್ಣಿ ಗುರುಬಾಯಿಯದು. ನನ್ನ ಗಂಡನ ಅಣ್ಣನ ಹೆಂಡತಿ, ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೂ ಅವಳು ನಮ್ಮ ಜೊತೆಗೇ ಇದ್ದಾಳೆ. ಅಥವಾ ನಾವು ಅವಳ ಜೊತೆಗಿದ್ದೇವೆ. ಅದು ಯಾರು ಹೇಳುತ್ತಿದ್ದಾರೆ ಎಂಬುದರ ಮೇಲಿದೆ. ಅವಳ ಮಗ ಓದುವಾಗ ತಂದ ಕಂಪ್ಯೂಟರು ಅದು. ಬಿಳಿ ಇದ್ದದ್ದು ಹಳದಿಯಾಗಿತ್ತು, ದೊಡ್ಡ ಡಬ್ಬಿ, ಡೊಳ್ಳು ಹೊಟ್ಟೆಯ ಪರದೆ. ಅವನು ಬೇರೆ ಮನೆ ಮಾಡಿದಾಗ ಅದನ್ನು ಇಲ್ಲೇ ಬಿಟ್ಟು ಹೋದ. ಹೋಗುವ ಮೊದಲು ಅವ್ವನಿಗೆ ಒಂದೇ ಒಂದು ಕೆಲಸ ಕಲಿಸಿಕೊಟ್ಟ: ಪರದೆಯ ತುಂಬ ಚೌಕಟ್ಟು ಮನೆಗಳನ್ನು ತೆರೆದು, ಬೇಕಾದ ಮನೆಗೆ ಬಣ್ಣ ತುಂಬುವುದು.

ಗುರುಬಾಯಿಗೆ ಅಷ್ಟೇ ಸಾಕಾಗಿತ್ತು. ಕಸೂತಿ ಎಂದರೆ ಎಳೆ ಎಣಿಸುವ ಕೆಲಸ. ಇಷ್ಟು ಎಳೆ ಬಿಡು, ಇಷ್ಟು ಎಳೆ ಹಿಡಿ. ಅಚ್ಚು ಹಾಕುವಂತಿಲ್ಲ, ಗಂಟು ಹಾಕುವಂತಿಲ್ಲ. ಕೈ ನಡುಗತೊಡಗಿ ಸೂಜಿ ಹಿಡಿಯಲಾರದಂತಾದಾಗ ಅವಳು ಮೌಸು ಹಿಡಿದಳು. ಊರಿನ ಮನೆಮನೆಯಿಂದ ಅಜ್ಜಿಯಂದಿರ ಕಾಲದ ಸೀರೆಗಳನ್ನು ಕೇಳಿ ತಂದು, ಭೂತಕನ್ನಡಿ ಹಿಡಿದು ಸೆರಗಿನ ಎಳೆ ಎಣಿಸಿ, ಒಂದೊಂದೇ ಚೌಕವಾಗಿ ತುಂಬಿದಳು. ಒಂಬತ್ತು ವರ್ಷ. ಆರುನೂರ ನಲವತ್ತು ಕಸೂತಿ. ಸೀರೆಗಳು ವಾಪಸು ಹೋದವು. ಹಳೆಯ ಸೀರೆಗೆ ಇರುವುದು ಎರಡೇ ದಾರಿ, ಕೌದಿ ಇಲ್ಲವೇ ಒರೆಸುವ ಬಟ್ಟೆ. ಪ್ರಿಂಟ್ ತೆಗೆಸು ಎಂದರೆ 'ಎಲ್ಲಾ ಮುಗೀಲಿ, ಒಮ್ಮೆಲೆ ತೆಗಸೂಣು' ಎನ್ನುತ್ತಿದ್ದಳು. ಮಗ ಒಂದು ಪೆನ್‌ಡ್ರೈವ್ ತಂದುಕೊಟ್ಟು ಇದರಲ್ಲೂ ಒಂದು ಪ್ರತಿ ಇಡು ಎಂದಿದ್ದ. ನಾವಿಬ್ಬರೂ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದೆವು. ಒಳಗೆ ಏನೂ ತಿರುಗುತ್ತಿರಲಿಲ್ಲ. ಏನೂ ತಿರುಗದ್ದು ಹೇಗೆ ನೆನಪಿಟ್ಟುಕೊಂಡೀತು? ಗುರುಬಾಯಿ ಅದನ್ನು ಟ್ರಂಕಿನ ಬೀಗದ ಕೈಗೆ ಕಟ್ಟಿ ತೂಗುಬಿಟ್ಟಳು.

ಕಳೆದ ವರ್ಷದಿಂದ ಅವಳ ಕಣ್ಣು ಮಂಜಾಗುತ್ತ ಬಂತು. ಮಗ ಅವಳನ್ನು ಬೇರೆ ಊರಿನ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೊರಟ, ವಾರದ ಮಟ್ಟಿಗೆ. ಹೊರಡುವ ದಿನ ಚೀಲ ಕಟ್ಟುತ್ತ ಅವಳು ಹೇಳಿದಳು:

"ನಂದಾ, ಕಂಪ್ಯೂಟರ್ ಯಾಕೋ ತಡದ ತಡದ ನಡಿಯಾಕತ್ತೈತಿ. ಒಂದ ಕಸೂತಿ ತೆರೀಬೇಕಂದ್ರ ಚಾ ಕಾಸಿ ಕುಡದ ಬರಬಹುದು. ನಾ ಕುಂದ್ರೂದು ಕಮ್ಮಿ ಆತಲ್ಲ, ಅದಕ್ಕ ಬ್ಯಾಸರಾಗೇತಿ. ದಿನಾ ಒಂದ ತಾಸು ಜತಿ ಕುಂದ್ರವಾ."

"ಒಂದ ತಾಸ ಯಾಕಕ್ಕ? ನೀ ಬರೂದ್ರೊಳಗ ಅದನ್ನ ಕುಣಸತೀನಿ ನೋಡು," ಎಂದೆ.

ನನ್ನನ್ನು ಕೆಡಿಸಿದ್ದು ಈ ಮಾತು. ಮರುದಿನ ಕೂತೆ. ಹೇಳಿದೆನಲ್ಲ, ಮೂರು ಸಲ ಟಕ್ ಎಂದು ನಿಂತಿತು. ಆಫ್ ಮಾಡಿ ಆನ್ ಮಾಡಿದೆ. ಎದ್ದಿತು. ಪರದೆಯ ಮೇಲೆ ಅಕ್ಷರ ಮೂಡಿ, ಡಿಸ್ಕನ್ನು ತಪಾಸಣೆ ಮಾಡಲೇ ಎಂದು ಕೇಳಿತು. ಮಾಡು ಎಂದೆ. ನೂರಕ್ಕೆ ಒಂದಾಯಿತು, ಎರಡಾಯಿತು, ಹನ್ನೊಂದಕ್ಕೆ ಬಂದು ಅಲ್ಲೇ ಕೂತಿತು. ಅದು ಕೂತರೆ ನಾನೂ ಕೂತೆ, ಹಟಕ್ಕೆ ಹಟ.

ಗೋಡೆಯಾಚೆಯ ಮನೆಯ ಇಂದ್ರವ್ವ ಸದ್ದು ಕೇಳಿ ಬಂದಳು. ಅವಳ ಬಾಯಿಗೆ ಬಿದ್ದ ಸುದ್ದಿ ಓಣಿಗೆ ಬಿದ್ದಂತೆಯೇ. ಗುರುಬಾಯಿಯ ಡಿಸ್ಕು ಒಂಟಿತನದಿಂದ ಸೊರಗಿದೆ ಎಂದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಯಿತು. ಬೇಡವೆಂದಿದ್ದರೂ ಬರುತ್ತಿದ್ದರು, ನಾನು ಬೇಡವೆನ್ನಲೂ ಇಲ್ಲ. ಒಬ್ಬಳು ಅಕ್ಕಿ ಆರಿಸಲು ಮೊರ ತಂದಳು, ಒಬ್ಬಳು ಶ್ಯಾವಿಗೆ ಮಣೆ ತಂದಳು. ಪಾಳಿ ಹಾಕಿಕೊಂಡೆವು. ಒಬ್ಬರ ಜತೆ ಸಾಲದಿದ್ದರೆ ಮೂವರದು ಸಾಲಬೇಕಲ್ಲ? ಗಿರಣಿಯನ್ನು ಗಂಡನಿಗೆ ಒಪ್ಪಿಸಿದೆ. ಹಿಟ್ಟು ತರಿಯಾಯಿತು ಎಂದು ಊರು ಅವನನ್ನು ಬೈಯಿತು, ಅವನು ಬಂದು ನನ್ನನ್ನು ಬೈದ. ನಾನು ಜಗ್ಗಲಿಲ್ಲ. ಆರು ದಿನ ಆ ತಟ್ಟೆ ನಿಲ್ಲದಂತೆ ನೋಡಿಕೊಂಡೆವು. ಡಬ್ಬಿ ಕಾದ ಹಂಚಿನಂತಾಗಿತ್ತು. ಟಕ್ ಟಕ್ ಹೆಚ್ಚಾಯಿತು. ಹೆಚ್ಚಾದಷ್ಟೂ ನಮಗೆ ಹುರುಪು: 'ಕೇಳ್ರೆವಾ, ಮಾತಾಡಾಕತ್ತೈತಿ!'

ಆರನೆಯ ದಿನ ತಪಾಸಣೆ ನಿಲ್ಲಿಸಿ ಒಂದು ಕಸೂತಿ ತೆರೆದು ನೋಡೋಣ ಎನ್ನಿಸಿತು. ಆನೆಯದನ್ನು ತೆರೆದೆ. ಸೊಂಡಿಲು ಬಂತು, ಮುಂಗಾಲು ಬಂತು, ಅಲ್ಲಿಂದಾಚೆ ಆನೆ ಇರಲಿಲ್ಲ. ಬರೀ ಅಡ್ಡಗೆರೆ. ಇನ್ನೊಂದನ್ನು ಒತ್ತಿದೆ, ತೆರೆಯಲೇ ಇಲ್ಲ. ಚಪ್ಪಲಿಯನ್ನೂ ಮೆಟ್ಟದೆ ಬಸ್ ಸ್ಟ್ಯಾಂಡಿನ ಹಿಂದಿನ ರಿಪೇರಿ ಅಂಗಡಿಗೆ ಓಡಿದೆ.

ಅಂಗಡಿ ದಸ್ತಗೀರನದು. ಆರು ವರ್ಷ ಹೊರಗಿದ್ದು, ಯಾರೂ ಕೂರದೆಯೂ ಫ್ಯಾನು ತಿರುಗುವ ಊರುಗಳಲ್ಲಿ ಕೆಲಸ ಕಲಿತು ಬಂದವನು. ಅದೇ ಕಾರಣಕ್ಕೆ ನಮ್ಮೂರಿಗೆ ಅವನ ಮೇಲೆ ಅರ್ಧ ನಂಬಿಕೆ. ಮಿಕ್ಸರ್ ಕೊಡುತ್ತಾರೆ, ಮಾತು ತೆಗೆದುಕೊಳ್ಳುವುದಿಲ್ಲ. ಅವನು ಬಂದು ಕೋಣೆಯಲ್ಲಿ ಕೂತ ಎಂಟು ಹೆಂಗಸರನ್ನು ನೋಡಿದ, ಮೊರ ನೋಡಿದ, ಡಬ್ಬಿಯ ಮೇಲೆ ಕೈ ಇಟ್ಟು ಚುರ್ರೆಂದು ತೆಗೆದ.

"ಎಷ್ಟ ದಿನದಿಂದ ಚಾಲೂ ಐತಿ ಅಕ್ಕಾರ?"

"ಆರು. ಒಂದ ಗಳಿಗಿ ಬಿಟ್ಟಿಲ್ಲ," ಎಂದೆ. ಆಗಲೂ ನನ್ನ ದನಿಯಲ್ಲಿ ಹೆಮ್ಮೆ ಇತ್ತು, ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಅವನು ಎಲ್ಲರನ್ನೂ ಹೊರಗೆ ಕಳಿಸಿ, ನನ್ನೊಬ್ಬಳನ್ನು ಉಳಿಸಿಕೊಂಡ. ಡಬ್ಬಿ ಬಿಚ್ಚಿ ಧೂಳು ಊದಿದ. ಪಟ್ಟಿಯಂಥ ಅಗಲ ಕೇಬಲ್ ಕಿತ್ತು ತನ್ನ ಚೀಲದ ಬೇರೆ ಕೇಬಲ್ ಹಾಕಿದ, ಟಕ್ ನಿಲ್ಲಲಿಲ್ಲ. ಕರೆಂಟಿನ ವೈರು ಬದಲಿಸಿದ, ನಿಲ್ಲಲಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಡಿಸ್ಕಿನ ಮೇಲಿಟ್ಟು ಹಿಡಿಕೆಗೆ ಕಿವಿ ಹಚ್ಚಿ ಕೇಳಿದ. ಕೊನೆಗೆ ಡಿಸ್ಕನ್ನು ಹೊರತೆಗೆದು, ಚೀಲದಲ್ಲಿ ತಂದಿದ್ದ ತನ್ನ ಸಣ್ಣ ಕಂಪ್ಯೂಟರಿಗೆ ಜೋಡಿಸಿ, ಅದು ತನ್ನ ಜಡ್ಡನ್ನು ತಾನೇ ಬರೆದಿಟ್ಟುಕೊಂಡ ಪಟ್ಟಿಯನ್ನು ನನಗೆ ತೋರಿಸಿದ. ಓದಲಾಗದೆ ಸತ್ತುಹೋದ ಜಾಗಗಳ ಸಂಖ್ಯೆ ಅದರಲ್ಲಿತ್ತು. ನಾವು ನೋಡುತ್ತಿರುವಾಗಲೇ ಅದು ಹನ್ನೆರಡು ಹೆಚ್ಚಾಯಿತು. ದಸ್ತಗೀರ ತಟ್ಟನೆ ವೈರು ಕಿತ್ತ.

"ಇದಕ್ಕ ಬ್ಯಾಸರಾಗಿಲ್ಲರಿ. ಒಳಗ ತಟ್ಟಿ ಮ್ಯಾಲ ಕೂದಲೆಳಿ ಎತ್ತರದಾಗ ಒಂದ ಮುಳ್ಳ ಆಡತಿರತೈತಿ, ಓದೂದು ಬರಿಯೂದು ಅದರ ಕೆಲಸ. ಅದು ಕೆಟ್ಟೈತಿ. ಈಗ ತಟ್ಟಿಗೆ ತಾಗಾಕತ್ತೈತಿ. ತಿರುಗಿದಷ್ಟೂ ಗೀರತೈತಿ. ಮೊದಲನೇ ಟಕ್ ಕೇಳಿದ ದಿನಾ ಬಂದ್ ಮಾಡಿ ಎದ್ದು ಹೋಗಿದ್ರ ಹೆಚ್ಚುಕಮ್ಮಿ ಎಲ್ಲಾ ಉಳೀತಿತ್ತು."

"ನಾವು ಜತಿ..."

"ಜಡ್ಡ ಬಿದ್ದವಗ ನಿದ್ದಿ ಬೇಕರಿ, ಬೀಗರ ಬ್ಯಾಡ."

ನಾನು ಗೋಡೆಗೊರಗಿ ಕೂತೆ. ಯಾವ ಕೆಲಸಕ್ಕೆ ನನ್ನನ್ನು ಊರು ಹೊಗಳುತ್ತಿತ್ತೋ ಅದನ್ನೇ ಮಾಡಿ ನನ್ನ ಅಕ್ಕನ ಒಂಬತ್ತು ವರ್ಷಗಳನ್ನು ಗೀರಿ ಹಾಕಿದ್ದೆ. ಅಳು ಬಂತು. ಆದರೆ ಅತ್ತು ಕೂರುವ ಜಾತಿಯವಳಲ್ಲ ನಾನು. ಕಣ್ಣೊರೆಸಿಕೊಂಡು, ಏನೇನು ದಾರಿ ಇದೆ ಹೇಳು ಎಂದೆ. ದೂರದ ದೊಡ್ಡ ಊರಿಗೆ ಕಳಿಸಿದರೆ ಡಿಸ್ಕು ಬಿಚ್ಚಿ ತೆಗೆಯುವವರಿದ್ದಾರಂತೆ, ಆದರೆ ಎರಡು ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಕುಲುಕಾಟಕ್ಕೆ ಮುಳ್ಳು ಪೂರ್ತಿ ಕಚ್ಚಿಕೊಳ್ಳುವ ಭಯ. ಇನ್ನೊಂದು ದಾರಿ, ಇಲ್ಲೇ, ಇದ್ದ ಜಾಗದಲ್ಲೇ, ಸ್ವಲ್ಪ ಸ್ವಲ್ಪವಾಗಿ ಬೇರೆ ಡಿಸ್ಕಿಗೆ ಇಳಿಸುವುದು. ಇಪ್ಪತ್ತು ನಿಮಿಷ ನಡೆಸಬೇಕು, ವೈರು ಕಿತ್ತು ಒಂದು ತಾಸು ತಣ್ಣಗಾಗಲು ಬಿಡಬೇಕು. ತಡವರಿಸಿದ ಕಡೆ ಹಟ ಮಾಡದೆ ಬಿಟ್ಟು ಮುಂದೆ ಹೋಗಬೇಕು. ಬಿಟ್ಟದ್ದನ್ನು ಕೊನೆಗೆ ನೋಡಿಕೊಂಡರಾಯಿತು.

"ಮತ್ತ ಇಳಸೂದು ತಿರುಗದ ಡಿಸ್ಕಿಗೆ," ಎಂದ.

"ತಿರುಗದ್ದಕ್ಕ?"

"ತಿರುಗದ್ದಕ್ಕ. ನಂಬೂದಾದ್ರ ಹೂಂ ಅನ್ರಿ, ಇಲ್ಲಾಂದ್ರ ನಾ ಹೊಂಟೆ."

ಹೂಂ ಎಂದೆ.

ಮರುದಿನ ಬೆಳಗಿನ ಬಸ್ಸಿಗೆ ಗುರುಬಾಯಿ ಬಂದಳು. ಮಗ ಕೈ ಹಿಡಿದು ಇಳಿಸಿದ. ಉಳಿದಷ್ಟನ್ನು ಔಷಧಿಯಿಂದ ಕಾಪಾಡಬಹುದು, ಹೋದ ದೃಷ್ಟಿ ಬರುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಉಳಿದದ್ದೆಂದರೆ ಬಾಗಿಲು ಎಲ್ಲಿದೆ, ಕಿಟಕಿ ಎಲ್ಲಿದೆ ಎಂದು ತಿಳಿಯುವಷ್ಟು ಬೆಳಕು. ಇನ್ನು ಅವಳು ಎಳೆ ಎಣಿಸುವಂತಿಲ್ಲ. ಡಿಸ್ಕಿನಲ್ಲಿ ಇದ್ದದ್ದು ಇದ್ದರೆ ಇತ್ತು, ಹೋದರೆ ಹೋಯಿತು. ಡಿಸ್ಕಿಗೆ ಜಡ್ಡು ಬಂದಿದೆ ಎಂದಷ್ಟೇ ಹೇಳಿದೆ. ಆರು ದಿನದ ಮಾತನ್ನು ಮುಚ್ಚಿಟ್ಟೆ. ಓಣಿಯ ಹೆಂಗಸರೂ, ಹುಟ್ಟಿದ ಮೇಲೆ ಮೊದಲ ಸಲ, ಬಾಯಿ ಮುಚ್ಚಿಕೊಂಡಿದ್ದರು.

ದಸ್ತಗೀರ ಅವಳ ಮುಂದೆ ಕೂತು ನಿಧಾನವಾಗಿ ತಿಳಿಸಿ ಹೇಳಿದ. ಡಿಸ್ಕು ಇನ್ನೆಷ್ಟು ತಾಸು ಬಾಳುತ್ತದೋ ಗೊತ್ತಿಲ್ಲ, ಆದ್ದರಿಂದ ಯಾವುದನ್ನು ಮೊದಲು ಇಳಿಸಬೇಕೆಂದು ಅವಳೇ ಹೇಳಬೇಕು. ಗುರುಬಾಯಿ ಪ್ರತಿ ಮನೆಗೂ ಒಂದು ಫೋಲ್ಡರ್ ಮಾಡಿ ಮನೆತನದ ಹೆಸರಿಟ್ಟಿದ್ದಳು. ಕಣ್ಣು ಮುಚ್ಚಿಕೊಂಡು, ಬೆರಳು ಮಡಚುತ್ತ ಒಂದೊಂದೇ ಹೆಸರು ಹೇಳಿದಳು.

"ಮೊದಲ ಗಾಣಿಗ್ಯಾರ ಮನೀವು. ಅವರ ಸೀರಿ ಕೌದಿ ಆಗಿ ಹೋದ್ವು. ಆಮ್ಯಾಲ ಪಟ್ಟೇದವರದು, ಅವರ ಮನಿ ನೀರ ಹೊಕ್ಕಾಗ ಎಲ್ಲಾ ಕೊಳತಾವ. ಆಮ್ಯಾಲ ಬಳಿಗಾರ ಮನೀದು..."

ಇಪ್ಪತ್ತೆರಡು ಮನೆಗಳ ಹೆಸರು ಹೇಳಿ ಮುಗಿಸಿದಳು. ನಾನು ಪಟ್ಟಿ ನೋಡಿದೆ. ಇನ್ನೊಂದು ಉಳಿದಿತ್ತು.

"ಅಕ್ಕ, 'ನನ್ನವು' ಅಂತ ಒಂದೈತಿ. ಇಪ್ಪತ್ತೊಂಬತ್ತ ಅದಾವ."

"ಅವು ಯಾವ ಸೀರೀವೂ ಅಲ್ಲ, ನಾ ಕುಂತ ಹೂಡಿದ್ವು. ಅವು ಕೊನಿಗೆ."

"ಕೊನಿಗೆ ಇಟ್ಟದ್ದು ಉಳೀತದಂತ ಹೇಳಾಕ ಬರೂದಿಲ್ಲ ಅವ್ವಾರ," ಎಂದ ದಸ್ತಗೀರ.

"ಕೇಳಿಸ್ತಪ್ಪಾ. ಕೊನಿಗೆ."

ನನಗೆ ಅಲ್ಲಿ ಕೂರಲಾಗಲಿಲ್ಲ. ಮಂದಿಯ ಅಜ್ಜಿಯಂದಿರ ಕಸೂತಿ ಉಳಿಯಲಿ ಎಂದು ತನ್ನದನ್ನು ಬಿಟ್ಟುಕೊಡುತ್ತಿದ್ದಾಳೆ, ಅದನ್ನು ಬಿಟ್ಟುಕೊಡುವ ಸ್ಥಿತಿ ತಂದವಳು ನಾನು. ಹಿತ್ತಲಿಗೆ ಹೋಗಿ ಸೆರಗು ಬಾಯಿಗೊತ್ತಿಕೊಂಡು ಅತ್ತೆ. ಅಲ್ಲೇ ತೀರ್ಮಾನ ಮಾಡಿಕೊಂಡೆ: ಆರುನೂರ ನಲವತ್ತನ್ನೂ ಇಳಿಸುತ್ತೇನೆ, ಆ ಇಪ್ಪತ್ತೊಂಬತ್ತನ್ನೂ ಸೇರಿಸಿ. ಡಿಸ್ಕು ಸಾಯುವುದಿದ್ದರೆ ನನ್ನ ಕೈಯಲ್ಲಿ ಕೆಲಸ ಮುಗಿಸಿಕೊಟ್ಟು ಸಾಯಲಿ.

ದಸ್ತಗೀರ ತನ್ನ ಕಂಪ್ಯೂಟರಿಗೆ ಎಲ್ಲವನ್ನೂ ಜೋಡಿಸಿ, ಯಾವ ಗುಂಡಿ ಒತ್ತಬೇಕು, ಯಾವಾಗ ಕೀಳಬೇಕು ಎಂದು ತೋರಿಸಿ, ಅದನ್ನು ನನಗೆ ಬಿಟ್ಟು ಅಂಗಡಿಗೆ ಹೋದ. ಮುಂದಿನ ನಾಲ್ಕು ದಿನ ನಾನು ಮತ್ತು ಆ ಡಿಸ್ಕು. ಅದನ್ನು ತಣ್ಣನೆಯ ಕಡಪ ಕಲ್ಲಿನ ತುಂಡಿನ ಮೇಲಿಟ್ಟೆ. ಗುಂಡಿ ಒತ್ತುವುದು, ಇಪ್ಪತ್ತು ನಿಮಿಷ ಉಸಿರು ಬಿಗಿಹಿಡಿದು ಕೂರುವುದು, ಇಳಿದದ್ದನ್ನು ಒಂದೊಂದಾಗಿ ತೆರೆದು ನೋಡಿ ಸ್ಲೇಟಿನ ಮೇಲೆ ಗೆರೆ ಎಳೆಯುವುದು, ವೈರು ಕೀಳುವುದು. ಆಮೇಲೆ ಬರುತ್ತಿತ್ತು ನಿಜವಾದ ಕಷ್ಟ. ಎದ್ದು ಹೊರಗೆ ಬರಬೇಕು. ವೈರು ಕಿತ್ತ ಮೇಲೆ ನಾನು ಒಳಗಿದ್ದರೇನು, ಹೊರಗಿದ್ದರೇನು, ಅದು ತಿರುಗುವುದಿಲ್ಲ. ಆದರೆ ಒಳಗೆ ಕೂತರೆ ನನ್ನ ಕೈ ತಾನಾಗಿ ವೈರಿನ ಕಡೆ ಹೋಗುತ್ತಿತ್ತು. ಮೂವತ್ತೊಂದು ವರ್ಷದ ರೂಢಿ. ಮೊದಲ ಸಲ ಬಾಗಿಲಿಗೆ ಬೀಗ ಹಾಕಿದಾಗ ಜ್ವರ ಬಂದ ಕೂಸನ್ನು ಒಂಟಿ ಬಿಟ್ಟು ಬಂದಂತಿತ್ತು.

ಇಂದ್ರವ್ವ ಬಾಗಿಲ ಹೊರಗೇ ನಿಂತಿದ್ದಳು. "ಅದನ್ನ ಒಂಟಿ ಬಿಟ್ಟು ಬಂದಿ? ಒಂದೀಟು ಕುಂದರತೀನಿ, ಬಾಗಲಾ ತಗಿ. ಎಂಥಾ ಕಲ್ಲ ಮನಸಿನಾಕಿ ನೀ!"

"ಗಿರಣಿಯಾಕಿ ಅಲ್ಲೇನ? ಕಲ್ಲ ಇರತೈತಿ. ನಡಿ ಮನಿಗೆ."

ಕಸಬರಿಗೆ ಹಿಡಿದು ಹೊಸ್ತಿಲ ಮೇಲೆ ಕೂತೆ. ಆ ನಾಲ್ಕು ದಿನ ಓಣಿಯ ಒಂದು ಪಿಳ್ಳೆಯನ್ನೂ ಒಳಗೆ ಬಿಡಲಿಲ್ಲ. ಗಂಡ ಬಂದು, ಗಿರಣಿಗೆ ಯಾವಾಗ ಬರ್ತಿ ಎಂದ. ತರಿ ಹಿಟ್ಟು ತಿಂದರೆ ಊರು ಸಾಯುವುದಿಲ್ಲ ಎಂದೆ.

ಎರಡನೆಯ ದಿನ ಮಧ್ಯಾಹ್ನ ಡಿಸ್ಕು ಏಳಲೇ ಇಲ್ಲ. ಮೂರು ಸಲ ಪ್ರಯತ್ನಿಸಿದೆ. ಟಕ್ ಎನ್ನುವ ಶಕ್ತಿಯೂ ಅದಕ್ಕಿರಲಿಲ್ಲ. ದಸ್ತಗೀರ ಬಂದು, ಕೈ ಮುಟ್ಟಬೇಡಿ, ಮೂರು ತಾಸು ಬಿಡಿ ಎಂದ. ಆ ಮೂರು ತಾಸಿನಲ್ಲಿ ನಾನು ಮನೆಯ ಪಾತ್ರೆಗಳನ್ನೆಲ್ಲ, ತೊಳೆದವನ್ನೂ ಸೇರಿಸಿ, ಮತ್ತೆ ತೊಳೆದೆ. ಆಮೇಲೆ ಅವನು ಡಿಸ್ಕನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿ ವೈರು ಕೊಟ್ಟ. ಗುಂಯ್ ಎಂದು ಎದ್ದಿತು. ಅಂದಿನಿಂದ ನಿಲ್ಲಿಸಿಯೇ ನಡೆಸಿದೆ. ಸ್ಲೇಟಿನ ಮೇಲೆ ಗೆರೆಗಳು ಏರಿದವು; ಇನ್ನೂರಾಯಿತು, ಮುನ್ನೂರೈವತ್ತಾಯಿತು. ಆನೆ ಎರಡನೆಯ ಸುತ್ತಿನಲ್ಲಿ ಬಾಲದ ಸಮೇತ ಬಂತು, ನಾನು ಒಬ್ಬಳೇ ಚಪ್ಪಾಳೆ ತಟ್ಟಿದೆ. ನಾಲ್ಕನೆಯ ದಿನದ ಹೊತ್ತಿಗೆ ಮಂದಿಯ ಮನೆಗಳ ಆರುನೂರ ಹನ್ನೊಂದರಲ್ಲಿ ಆರುನೂರ ನಾಲ್ಕು ಇಳಿದಿದ್ದವು. ಏಳು ಮಾತ್ರ ಮೂರು ಸಲ ಹಿಂದಿರುಗಿ ಬಂದರೂ ಕೈಗೆ ಸಿಗಲಿಲ್ಲ. ದಸ್ತಗೀರ ಬಂದು ನೋಡಿ, ಆ ಜಾಗಗಳು ಸತ್ತಿವೆ, ಬಿಡಿ ಎಂದ.

ಉಳಿದದ್ದು 'ನನ್ನವು'. ಒಂದು ತಾಸಿನ ಬದಲು ಎರಡು ತಾಸು ತಣ್ಣಗಾಗಲು ಬಿಟ್ಟೆ. ಕೈ ತೊಳೆದುಕೊಂಡು, ಮನಸ್ಸಿನಲ್ಲಿ ಗೊತ್ತಿದ್ದ ದೇವರಿಗೆಲ್ಲ ಕೈಮುಗಿದು ವೈರು ಕೊಟ್ಟೆ. ಗುಂಯ್ ಎಂದಿತು. ಟಕ್ ಎಂದಿತು. ತಟ್ಟೆಯ ಮೇಲೆ ಮೊಳೆ ಎಳೆದಂಥ ಸದ್ದು ಬಂತು, ಹಲ್ಲು ಜುಮ್ಮೆನ್ನುವಂಥದ್ದು. ಆಮೇಲೆ ಏನೂ ಇಲ್ಲ. ನಾನು ಎದುರಿಗೇ ಇದ್ದೆ, ಎಚ್ಚರವಾಗಿದ್ದೆ, ಬೇಡಿಕೊಳ್ಳುತ್ತಿದ್ದೆ. ಅದು ಮತ್ತೆ ತಿರುಗಲಿಲ್ಲ.

ಗುರುಬಾಯಿ ಪಡಸಾಲೆಯಲ್ಲಿ ಕೂತು ತೊಗರಿಕಾಯಿ ಸುಲಿಯುತ್ತಿದ್ದಳು, ಕಣ್ಣಿಲ್ಲದಿದ್ದರೂ ಒಂದು ಕಾಳೂ ಬುಟ್ಟಿಯ ಹೊರಗೆ ಬೀಳುತ್ತಿರಲಿಲ್ಲ. ಹೋಗಿ ಅವಳ ಮುಂದೆ ಕೂತೆ. ಎಲ್ಲವನ್ನೂ ಹೇಳಿದೆ. ಟಕ್ ಕೇಳಿದ ದಿನದಿಂದ ಹಿಡಿದು, ಪಾಳಿ ಹಾಕಿದ್ದು, ಆರು ದಿನ ನಡೆಸಿದ್ದು, ಬಂದ್ ಮಾಡಿದ್ದರೆ ಎಲ್ಲಾ ಉಳಿಯುತ್ತಿತ್ತು ಎಂದು ದಸ್ತಗೀರ ಹೇಳಿದ್ದು, ಆ ಮಾತನ್ನು ಅವಳಿಂದ ಮುಚ್ಚಿಟ್ಟದ್ದು. "ನಾನ ಕೊಂದೆ ಅಕ್ಕ. ನಿನ್ನ ಇಪ್ಪತ್ತೊಂಬತ್ತೂ ಹೋದ್ವು," ಎಂದು ಅಳತೊಡಗಿದೆ.

ಅವಳ ಕೈ ನಿಂತಿತು. ಸಿಟ್ಟಿನಿಂದ ಅವಳ ಮೂಗಿನ ಹೊಳ್ಳೆ ಅರಳಿದ್ದು ನನಗೆ ಕಾಣುತ್ತಿತ್ತು. ಬೈದಿದ್ದರೆ ಚೆನ್ನಾಗಿತ್ತು.

"ಮಂದೀವು ಎಷ್ಟ ಹೋದ್ವು?" ಎಂದಳು ಕೊನೆಗೆ.

"ಏಳು."

"ಯಾವ ಏಳು?"

ಒಂದೊಂದಾಗಿ ಹೇಳಿದೆ. ಇಂದ್ರವ್ವನ ಅಜ್ಜಿಯ ನವಿಲು ಎಂದಾಗ ಅವಳು ಕಣ್ಣು ಒತ್ತಿಕೊಂಡಳು. "ಆ ನವಿಲಿನ ಗರಿ ಎಣಸಾಕ ನನಗ ಹನ್ನೊಂದ ದಿನ ಹಿಡದಿತ್ತು. ಹಂಗ ಹಾಕೂವಾಕಿ ಇನ್ನ ಹುಟ್ಟಿ ಬರಬೇಕು."

"ನಿನ್ನವು ಅಕ್ಕ..."

"ನನ್ನವು ಎಲ್ಲಿ ಹೋಗತಾವ?" ಎಂದಳು ಅಸಹನೆಯಿಂದ. "ಮಂದಿ ಕಸೂತಿ ನಾ ಎಣಿಸಿ ಬರದಿಟ್ಟದ್ದು. ಬರದ ಮ್ಯಾಲ ತಲಿಯಿಂದ ಇಳದ ಹೋತು. ನನ್ನವು ತಲಿಯಿಂದ ಬಂದದ್ದು. ಕೊನಿಗೆ ಇಡು ಅಂದಿದ್ದು ಅದಕ್ಕ. ನೀ ಏನಂತ ತಿಳದಿದ್ದಿ?"

ನಾಲ್ಕು ದಿನ ನಾನು ಇವಳ ತ್ಯಾಗಕ್ಕಾಗಿ ಹಿತ್ತಲಲ್ಲಿ ಕಣ್ಣೀರು ಸುರಿಸಿದ್ದೆ. ಇವಳು ಮಾಡಿದ್ದು ಲೆಕ್ಕ ಬಲ್ಲ ಹೆಂಗಸಿನ ಜಾಣತನ. ಎದೆಯ ಮೇಲಿನ ಚಪ್ಪಡಿ ಇಳಿದಂತಾಗಿ, ಅಳುವಿನ ನಡುವೆಯೇ ನಗು ಬಂತು.

"ನಗಬ್ಯಾಡ," ಎಂದಳು. "ಏಳು ಮನಿಗೆ ನೀನ ಹೋಗಬೇಕು. ನಿಮ್ಮದು ನನ್ನ ಕೈಯಾಗ ಹೋತು ಅಂತ ಬಾಯಿ ಬಿಟ್ಟ ಹೇಳಬೇಕು. ಓಣಿ ಮ್ಯಾಲ ಹಾಕಬ್ಯಾಡ, ದಸ್ತಗೀರನ ಮ್ಯಾಲ ಹಾಕಬ್ಯಾಡ. ಅವರ ಮನ್ಯಾಗ ಚಿಂದಿ ಏನರ ಉಳದೈತೇನು ಕೇಳಿಕೊಂಡ ಬಾ. ಅಲ್ಲೀತನಕಾ ನನ್ನ ಜೋಡಿ ಮಾತಾಡಬ್ಯಾಡ."

ಮರುದಿನ ಹೋದೆ. ಏಳು ಮನೆ, ಏಳು ಹೊಸ್ತಿಲು. ಒಬ್ಬರು ಚಾ ಕೊಟ್ಟರು, ಒಬ್ಬರು ಕೂರು ಎನ್ನಲೂ ಇಲ್ಲ. ಎರಡು ಮನೆಯಲ್ಲಿ, ಅಂಥ ಕಸೂತಿ ತಮ್ಮಲ್ಲಿತ್ತು ಎಂಬುದೇ ಮರೆತುಹೋಗಿತ್ತು. ಅಲ್ಲಿ ಹೇಳುವುದೇ ಹೆಚ್ಚು ಕಷ್ಟವಾಯಿತು. ಚಿಂದಿ ಎಲ್ಲೂ ಉಳಿದಿರಲಿಲ್ಲ. ಇಂದ್ರವ್ವನ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಕೇಳಿ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ನಾನೂ ಕುಂತಿದ್ನೆಲ್ಲ ಮಹಾನಂದಾ. ದಿನಾ ಎರಡ ಪಾಳಿ ಕುಂತಿದ್ದೆ. ನಮ್ಮಜ್ಜಿ ನವಿಲಿನ ಮ್ಯಾಲ ನಾನ ಕುಂತಂಗ ಆತಲ್ಲ."

ಇಬ್ಬರೂ ಅಲ್ಲೇ ನಿಂತು ಅತ್ತೆವು.

ಮನೆಗೆ ಬಂದಾಗ ಗುರುಬಾಯಿ ಕಂಪ್ಯೂಟರಿನ ಮುಂದೆ ಎರಡು ಮಣೆ ಹಾಕಿಸಿ ಕೂತಿದ್ದಳು. ದಸ್ತಗೀರ ಹಳೆಯ ಡಬ್ಬಿಗೆ ತಿರುಗದ ಡಿಸ್ಕನ್ನು ಜೋಡಿಸಿ ಹೋಗಿದ್ದ. "ಹೇಳಿ ಬಂದ್ಯಾ?" ಎಂದಳು. ಬಂದೆ ಎಂದೆ. "ಹಂಗಾರ ಕುಂದ್ರು. ಚೌಕ ತಗಿ. ಮೊದಲನೇದು ಹೇಳತೀನಿ, ತುಂಬು."

ನಾನು ಹುಟ್ಟಿದ ಮೇಲೆ ಸೂಜಿ ಹಿಡಿದವಳಲ್ಲ. ಮೌಸು ನನ್ನ ಕೈಯಲ್ಲಿ ಇಲಿಮರಿಯಂತೆ ಓಡುತ್ತಿತ್ತು. ಅವಳು ನಡುನಡುವೆ ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ ಹೇಳುತ್ತ ಹೋದಳು: ನಡುವಿನಿಂದ ಮೇಲಕ್ಕೆ ಐದು, ಎಡಕ್ಕೆ ಒಂದು ಬಿಡು, ಮೂಲೆಯಲ್ಲಿ ಇಳಿ, ನಾಲ್ಕು ಹಿಡಿ. ತಪ್ಪಿದರೆ ಅವಳಿಗೆ ಕಾಣದಿದ್ದರೂ ನನ್ನ ಉಸಿರಿನಿಂದಲೇ ತಿಳಿದು 'ಅಳಸು' ಎನ್ನುತ್ತಿದ್ದಳು. ಎರಡು ತಾಸಿನಲ್ಲಿ ಎಡಗಡೆಯ ಭಾಗ ಮುಗಿಯಿತು, ಬಲಗಡೆಯೂ ಅರ್ಧ ಬಂತು. ಕೊನೆಯ ತಿರುವಿನ ಹತ್ತಿರ ಅವಳು ನಿಂತಳು. ತುಟಿ ಆಡಿತು, ದನಿ ಬರಲಿಲ್ಲ. ನಾನು ಕಾದೆ. ಬೆರಳು ಮಡಚಿದಳು, ಬಿಡಿಸಿದಳು. ಮರೆತಿದ್ದಾಳೆ ಎಂದು ನನಗನಿಸಿತು. ತಲೆಯಲ್ಲಿವೆ ಎಂದದ್ದು ನನ್ನ ಅಳು ನಿಲ್ಲಿಸಲು ಹೇಳಿದ ಮಾತೇ ಇರಬೇಕು ಎನ್ನಿಸಿತು. ಆದರೆ ಆ ನಾಲ್ಕು ದಿನಗಳಲ್ಲಿ ಆರುನೂರ ನಾಲ್ಕು ಕಸೂತಿ ನನ್ನ ಕಣ್ಣ ಮುಂದೆ ಹಾದುಹೋಗಿದ್ದವು. ಎಲ್ಲದರಲ್ಲೂ ಎಡಕ್ಕೆ ಇದ್ದಷ್ಟೇ ಬಲಕ್ಕೆ. ಅವಳಿಗೆ ನೋವಾಗದಂತೆ ಮೆಲ್ಲಗೆ ಹೇಳಿದೆ:

"ಅಕ್ಕ, ಎಡಕ್ಕ ಎರಡ ತುಂಬೇವಿ. ಬಲಕ್ಕೂ ಎರಡ ಅಲ್ಲೇನ? ತುಂಬಿಬಿಟ್ಟೆ ನೋಡು."

"ಯಾರ ಹೇಳಿದ್ರು ನಿನಗ?" ಅವಳು ನನ್ನ ಕಡೆಗೆ ಸರಕ್ಕನೆ ತಿರುಗಿದಳು. "ಬಾಯಾಗಿನ ಎಲಿಅಡಿಕಿ ನುಂಗೂತನಕಾ ತಡ್ಯಾಕ ಆಗೂದಿಲ್ಲ? ಬಲಕ್ಕ ಮೂರು. ಎರಡೂ ಕಡಿ ಒಂದ ನಮೂನಿ ಇದ್ರ ಅದು ಮಂದಿ ಮನೀದು, ನಂದಲ್ಲ. ಅಳಸು."

ನಾನು ಎರಡನ್ನು ಅಳಿಸಿ ಮೂರು ತುಂಬಿದೆ.